ಕಂಪ್ಲಿ ಸಾವ್ಕಾರ್ರ ಕ್ಲಚ್ ಟೂಲು

ರಿಮೋಟ್ ಕಾರಿನ ಹುಚ್ಚು ಹತ್ತಿಸಿಕೊಂಡವರು ಯಾರಾದರೂ ಬಂದು ಯಾವ ಕ್ಲಚ್ ಟೂಲ್ ತಗೊಳ್ಳಲಿ ಎಂದು ಕೇಳಿದರೆ, ಮೊದಲು ಕೈ ತೋರಿಸಿ ಎನ್ನುತ್ತೇನೆ. ನಾನು ಜ್ಯೋತಿಷ್ಯವನ್ನೂ ಹೇಳುತ್ತೇನೆಂದು ತಿಳಿದು ಅವರು ಅಂಗೈ ಚಾಚುತ್ತಾರೆ. ಹೊಸಪೇಟೆಯಲ್ಲಿ ನನಗಿರುವುದು ಕನ್ನಡಕದ ಅಂಗಡಿ, ಜ್ಯೋತಿಷ್ಯ ಬರುವುದಿಲ್ಲ. ಕೈ ನೋಡಿ ಟೂಲು ಆರಿಸಬೇಕು ಎಂಬುದನ್ನು ನಾನು ಕಲಿತದ್ದು ಕಂಪ್ಲಿಯ ಒಬ್ಬ ರೈಸ್ ಮಿಲ್ ಮಾಲೀಕರಿಂದ. ಈ ವರ್ಷದ ಬೇಸಗೆ ಭತ್ತ ಮಿಲ್ಲಿಗೆ ಬರುವ ಮೊದಲೇ ಅವರು ತೀರಿಕೊಂಡರು. ಅವರ ಹೆಸರು ಬರೆಯುವುದಿಲ್ಲ. ಬರೆದರೂ ಕಂಪ್ಲಿಯವರಿಗೆ ಗುರುತು ಹತ್ತಲಿಕ್ಕಿಲ್ಲ. ಎಲ್ಲರೂ ಅವರನ್ನು ಸಾವ್ಕಾರ್ರು ಎಂದೇ ಕರೆಯುತ್ತಿದ್ದರು, ಅವರ ಮನೆಯವರೂ ಸೇರಿ.

ಕಾರಿನ ಬಗ್ಗೆ ಎರಡು ಮಾತು ಹೇಳದಿದ್ದರೆ ಸಾವ್ಕಾರ್ರು ಅರ್ಥವಾಗುವುದಿಲ್ಲ. ಮೊಳದುದ್ದದ ಕಾರು, ಓಡಿಸುವುದು ಕೈಯಲ್ಲಿನ ರಿಮೋಟಿನಿಂದ. ಮಕ್ಕಳ ಬ್ಯಾಟರಿ ಕಾರಲ್ಲ. ಒಳಗೆ ನಿಜವಾದ ಎಂಜಿನ್ನು ಇರುತ್ತದೆ, ಎಣ್ಣೆ ಇರುತ್ತದೆ, ಹೊಗೆ ಬರುತ್ತದೆ, ಪಕ್ಕದ ಮನೆಯವರು ಮಾತು ಬಿಡುವಷ್ಟು ಸದ್ದೂ ಬರುತ್ತದೆ. ಎಂಜಿನ್ನಿನ ಮುಂದೆ ಒಂದು ಗುಂಡನೆಯ ಚಕ್ರ. ಅದರ ಮೇಲೆ ಹುಣಸೆಬೀಜಕ್ಕಿಂತ ಸ್ವಲ್ಪ ದೊಡ್ಡದಾದ ಮೂರು ಶೂಗಳು, ಒಂದೊಂದಕ್ಕೂ ಒಂದೊಂದು ಸ್ಪ್ರಿಂಗು. ಚಕ್ರ ಜೋರಾಗಿ ತಿರುಗಿದಾಗ ಶೂಗಳು ಸ್ಪ್ರಿಂಗನ್ನು ಮೀರಿ ಹೊರಕ್ಕೆ ಚಾಚಿ, ಸುತ್ತ ಇರುವ ಬಟ್ಟಲನ್ನು ಹಿಡಿದುಕೊಳ್ಳುತ್ತವೆ. ಆಗ ಕಾರು ಹೊರಡುತ್ತದೆ. ಇಷ್ಟೇ ಕ್ಲಚ್ಚು. ಶೂ ಸವೆದಾಗಲೆಲ್ಲ ಬಿಚ್ಚಿ ಹೊಸದು ಹಾಕಬೇಕು. ಶೂ ಹಾಕುವುದನ್ನು ಯಾರಾದರೂ ಮಾಡಿಯಾರು. ಸ್ಪ್ರಿಂಗಿನ ಸಣ್ಣ ಕಾಲನ್ನು ಬಗ್ಗಿಸಿ ಅದರ ಜಾಗಕ್ಕೆ ಇಳಿಸುವುದೇ ಕಷ್ಟ. ಕೈ ಜಾರಿದರೆ ಅದು ಹಾರುತ್ತದೆ, ಹಾರಿದ್ದು ಸಿಗುವುದಿಲ್ಲ. ಈ ಕೆಲಸಕ್ಕೆಂದೇ ತುದಿಯಲ್ಲಿ ಕೊಕ್ಕೆ ಇರುವ, ಗೇಣಿಗಿಂತ ಚಿಕ್ಕದಾದ ಒಂದು ಸಾಧನವಿದೆ. ಅದೇ ಕ್ಲಚ್ ಟೂಲು.

ನನಗೆ ಈ ಕೆಲಸ ಸಲೀಸು. ಕನ್ನಡಕದ ಕಾಲಿಗೆ ಕಣ್ಣಿಗೆ ಕಾಣದ ಸ್ಕ್ರೂ ಹಾಕಿ ಹೊಟ್ಟೆ ಹೊರೆಯುವವನು ನಾನು. ನನ್ನ ಕೈ ನಡುಗುವುದಿಲ್ಲ. ಇದನ್ನು ಹಮ್ಮಿನಿಂದ ಹೇಳುತ್ತಿದ್ದೇನೆ ಎಂದು ಯಾರಿಗಾದರೂ ಅನಿಸಿದರೆ, ಹೌದು, ಹಮ್ಮಿನಿಂದಲೇ.

ಸಾವ್ಕಾರ್ರು ಮೊದಲ ಸಲ ಅಂಗಡಿಗೆ ಬಂದದ್ದು ಓದುವ ಕನ್ನಡಕಕ್ಕೆ. ಬಿಳಿ ಧೋತರ, ಬಿಳಿ ಅಂಗಿ, ಹಣೆಗೆ ವಿಭೂತಿ, ಜೇಬಿನಲ್ಲಿ ಕಾಗದದ ಪೊಟ್ಟಣಗಳು. ಕೌಂಟರಿನ ಮೇಲೆ ನನ್ನ ಕಾರಿನ ಕ್ಲಚ್ಚು ಬಿಚ್ಚಿ ಹರಡಿತ್ತು. ಅವರು ಕನ್ನಡಕದ ವಿಷಯ ಬಿಟ್ಟು ಅದನ್ನೇ ನೋಡಿದರು.

"ಇದೇನ್ರಿ ಡಾಕ್ಟ್ರ?"

ನಾನು ಡಾಕ್ಟರಲ್ಲ ಎಂದೆ. ಅವರು ಅದನ್ನು ಕೇಳಿಸಿಕೊಳ್ಳಲಿಲ್ಲ, ಕೊನೆಯವರೆಗೂ ಕೇಳಿಸಿಕೊಳ್ಳಲಿಲ್ಲ. ಕ್ಲಚ್ಚು ಹೇಗೆ ಹಿಡಿಯುತ್ತದೆ ಎಂದು ವಿವರಿಸಿದೆ. ಎಲ್ಲಿ ಓಡಿಸುತ್ತೀರಿ ಎಂದರು. ಮಲಪನಗುಡಿ ಕಡೆಯ ಬಯಲಲ್ಲಿ, ಆದರೆ ಕೆಂಪು ಧೂಳು ಎಂಜಿನ್ನಿಗೆ ಹೋಗುತ್ತದೆ ಎಂದೆ.

"ನಮ್ಮ ಮಿಲ್ಲಿನ್ಯಾಗ ಭತ್ತ ಒಣಗಸೋ ಕಣ ಐತ್ರಿ. ಸಿಮಿಟಿಂದು. ಐತವಾರ ಖಾಲಿನ ಇರತೈತಿ. ಬರ್ರಿ."

ಹೀಗೆ ನಾನೂ ಎರ್ರಿಸ್ವಾಮಿಯೂ ಕಂಪ್ಲಿಗೆ ಹೋಗತೊಡಗಿದೆವು. ಎರ್ರಿಸ್ವಾಮಿ ಸಂಡೂರಿನ ಗಣಿಯೊಂದರ ವರ್ಕ್‌ಶಾಪಿನಲ್ಲಿ ಫೋರ್‌ಮನ್. ವಾರವೆಲ್ಲ ಟಿಪ್ಪರುಗಳ ದೊಡ್ಡ ಕ್ಲಚ್ಚು ಬದಲಿಸಿ ಬೇಸತ್ತು, ಭಾನುವಾರ ಸಣ್ಣ ಕ್ಲಚ್ಚು ಬದಲಿಸಿ ವಿಶ್ರಾಂತಿ ಪಡೆಯುವ ಮನುಷ್ಯ.

ಕಣಕ್ಕೆ ಒಂದು ಕಟ್ಟಳೆ ಇತ್ತು. ಚಪ್ಪಲಿ ಹೊರಗೆ. ಅನ್ನ ಆಗುವ ವಸ್ತು ಒಣಗುವ ಜಾಗ ಅದು. ನಮ್ಮ ಕಾರುಗಳ ಚಕ್ರಗಳೂ ಊರೆಲ್ಲ ತಿರುಗಿ ಬಂದವು ಎಂದು ಒದ್ದೆ ಬಟ್ಟೆಯಿಂದ ಒರೆಸಿಸುತ್ತಿದ್ದರು. ಬರಿಗಾಲಲ್ಲಿ, ಬಿಸಿಲಿಗೆ ಕಾದ ಸಿಮೆಂಟಿನ ಮೇಲೆ, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಹಾರುತ್ತ ರಿಮೋಟು ಹಿಡಿದ ನಮ್ಮನ್ನು ನೋಡಿ ಹಮಾಲರು ಕೆಲಸ ನಿಲ್ಲಿಸಿ ನಿಲ್ಲುತ್ತಿದ್ದರು. ಕಾರು ನೋಡುತ್ತಾರೆಂದು ನಾವು ತಿಳಿದಿದ್ದೆವು.

ಒಮ್ಮೆ ಮಿಲ್ಲಿನ ಒಳಗೆ ಕರೆದುಕೊಂಡು ಹೋಗಿ ಯಂತ್ರಗಳನ್ನೆಲ್ಲ ತೋರಿಸಿದರು. ಅಕ್ಕಿ ಬೇರೆ ಭತ್ತ ಬೇರೆ ಮಾಡುವ ದೊಡ್ಡ ಜರಡಿ ಗಡಗಡ ನಡುಗುತ್ತಿತ್ತು. ಅವರು ಅದರ ಮೇಲೆ ಎಮ್ಮೆಯ ಬೆನ್ನಿನ ಮೇಲಿಟ್ಟಂತೆ ಕೈ ಇಟ್ಟರು.

"ನಡುಗೋದ ಇದರ ಕೆಲಸ್ರಿ. ನಿಂತ್ರ ಕೆಟ್ಟೈತಿ ಅಂತ."

ಆರು ತಿಂಗಳೊಳಗೆ ಅವರೇ ಒಂದು ಕಾರು ತರಿಸಿದರು. ಭತ್ತದ ಹೊಟ್ಟು ಬಿಡಿಸುವ ಹಲ್ಲರಿನ ರಬ್ಬರ್ ರೋಲರನ್ನು ಆಗಲೂ ತಾವೇ ಬದಲಿಸುತ್ತಿದ್ದ ಮನುಷ್ಯ, ಕಾರಿನ ಕ್ಲಚ್ಚಿಗೂ ಯಾರನ್ನೂ ಮುಟ್ಟಗೊಡಲಿಲ್ಲ. ಓಡಿಸುವುದರಲ್ಲಿ ಅಷ್ಟಕ್ಕಷ್ಟೇ. ತಿರುವಿನಲ್ಲಿ ಕಾರು ಹೋಗಿ ಗೋಡೆಗೆ ಗುದ್ದಿದರೆ "ಗ್ವಾಡಿ ಸರಿಸಬೇಕಾತು" ಎನ್ನುತ್ತಿದ್ದರು. ಅವರ ಖುಷಿ ಇದ್ದದ್ದು ಬಿಚ್ಚುವುದರಲ್ಲಿ, ಜೋಡಿಸುವುದರಲ್ಲಿ, ಆಮೇಲೆ ಎಂಜಿನ್ನು ಹಿಡಿದಾಗ ಬರುವ ಮೊದಲ ಸದ್ದಿನಲ್ಲಿ. ಆ ಸದ್ದಿಗೆ ಅವರ ಮುಖ ಅರಳುವುದನ್ನು ನೋಡಲಿಕ್ಕೆಂದೇ ನಾನು ಎಷ್ಟೋ ಸಲ ಹೋಗಿದ್ದೇನೆ.

ಕೆಲವು ವರ್ಷ ಹೀಗೇ ನಡೆಯಿತು. ಆಮೇಲೆ ಒಂದು ದಿನ ಅಂಗಡಿಗೆ ಬಂದು ಕುಳಿತರು.

"ನಂಬರ್ ಬದಲಿ ಆಗೈತಿ. ನೋಡ್ರಿ."

ಪರೀಕ್ಷೆ ಮಾಡಿದೆ. ಅಕ್ಷರದ ಕಾರ್ಡು ಕೊಟ್ಟೆ. ಎಲ್ಲಕ್ಕಿಂತ ಸಣ್ಣ ಸಾಲನ್ನೂ ಗಡಗಡನೆ ಓದಿದರು.

"ಕಣ್ಣು ಭಾಳ ಚಲೋ ಅದಾವ್ರಿ, ಸಾವ್ಕಾರ್ರ."

"ಹಂಗಾರ ಸ್ಪ್ರಿಂಗ್ ಯಾಕ ಕುಂದ್ರವಲ್ದು?"

ಅವರ ಕೈಯಲ್ಲಿದ್ದ ಕಾರ್ಡು ನಡುಗುತ್ತಿತ್ತು. ನಾನು ನೋಡಿದ್ದನ್ನು ಅವರು ನೋಡಿದರು.

"ಫ್ಯಾನ್ ಬಂದ್ ಮಾಡ್ರಿ," ಎಂದರು.

ಬಂದ್ ಮಾಡಿದೆ. ಕಾರ್ಡು ನಿಲ್ಲಲಿಲ್ಲ. ಅವರು ಅದನ್ನು ಇನ್ನೊಂದು ಕೈಗೆ ಬದಲಿಸಿ ನೋಡಿದರು. ಆಮೇಲೆ, "ಹಾಕ್ರಿ. ಸೆಕಿ ಆಗತೈತಿ," ಎಂದು ಕಾರ್ಡು ಕೆಳಗಿಟ್ಟರು.

ಬಳ್ಳಾರಿಯ ನರದ ಡಾಕ್ಟರು ಮಾತ್ರೆ ಕೊಟ್ಟರು. ನಡುಕ ಏರುವುದು ನಿಧಾನವಾದೀತು, ನಿಲ್ಲುವುದಿಲ್ಲ ಎಂದರಂತೆ. ಮುಂದಿನ ಭಾನುವಾರ ನಾನು ದೊಡ್ಡ ಮನಸ್ಸು ಮಾಡಿ, ಇನ್ನು ಮುಂದೆ ನಿಮ್ಮ ಕ್ಲಚ್ಚು ನಾನೇ ಕೂಡಿಸಿಕೊಡುತ್ತೇನೆ ಎಂದೆ. ಅವರು ನನ್ನ ಮುಖವನ್ನು ತೇವ ಹೆಚ್ಚಿರುವ ಭತ್ತವನ್ನು ನೋಡುವ ಹಾಗೆ ನೋಡಿದರು.

"ನೀವು ಕ್ಲಚ್ಚು ಕೂಡಸ್ತೀರಿ. ನಮ್ಮ ಮನಿಯವ್ರು ಅಂಗಿ ಗುಂಡಿ ಹಾಕ್ತಾರ. ತಮ್ಮ ಮಿಲ್ ನಡಸ್ತಾನ. ಆಮ್ಯಾಲೆ ನಂದೇನ್ರಿ ಡಾಕ್ಟ್ರ, ಉಸಿರಾಡೋದೊಂದನ?"

ಎರ್ರಿಸ್ವಾಮಿ ಏನೋ ಸಮಾಧಾನ ಹೇಳಲು ಹೋದ. ಅವರು ಕೈ ಎತ್ತಿ ತಡೆದರು. ಎತ್ತಿದ ಕೈ ನಡುಗಿತು, ಇಳಿಸಿಕೊಂಡರು.

"ನನ್ನ ಕೈಲೆ ಕೂತ್ರ ಗಾಡಿ ಓಡಸ್ತೀನಿ. ಕೂಡಲಿಲ್ಲಂದ್ರ ಗಾಡಿ ನಿಮಗ ಕೊಟ್ಟು ಸುಮ್ನ ಮನಿಯಾಗ ಕುಂದ್ರತೀನಿ. ನಡುವ ಇನ್ನೊಂದು ದಾರಿ ಬ್ಯಾಡ."

ಹಾಗಾದರೆ ಟೂಲು ಬದಲಿಸಿ ನೋಡೋಣ ಎಂದೆ. ನಾನು ಮಾತಿಗೆ ಹೇಳಿದ್ದು. ಅವರು ಅದನ್ನೇ ಹಿಡಿದರು.

ಟೂಲು ಆರಿಸುವುದಕ್ಕೆ ಸಾಮಾನ್ಯರು ಹಿಡಿಯುವ ಕ್ರಮ ಹೀಗಿದೆ. ನಿಮ್ಮ ಕ್ಲಚ್ಚಿಗೆ ಮೂರು ಶೂ ಇವೆಯೋ ನಾಲ್ಕೋ ನೋಡಬೇಕು. ಕೊಕ್ಕೆ ತೆಳ್ಳಗಿರಬೇಕು, ಆದರೆ ಬಾಗಬಾರದು. ಕೊಕ್ಕೆಯ ಸೀಳು ಸ್ಪ್ರಿಂಗಿನ ಕಾಲಿಗೆ ಸರಿಯಾಗಿ ಹೊಂದಬೇಕು, ಸಡಿಲ ಇರಬಾರದು. ಚಕ್ರ ತಿರುಗದಂತೆ ಹಿಡಿದುಕೊಳ್ಳಲು ಇನ್ನೊಂದು ತುದಿ ಇದ್ದರೆ ಒಳ್ಳೆಯದು. ಇಷ್ಟು ನೋಡಿ ಹತ್ತು ನಿಮಿಷದಲ್ಲಿ ಮೊಬೈಲಿನಲ್ಲಿ ಆರ್ಡರು ಮಾಡುತ್ತಾರೆ.

ಸಾವ್ಕಾರ್ರು ಭತ್ತ ಆರಿಸುವ ಕ್ರಮದಲ್ಲಿ ಆರಿಸಿದರು. ಭತ್ತದ ವ್ಯಾಪಾರದಲ್ಲಿ ಮೊದಲು ಮಾದರಿ ಬರುತ್ತದೆ, ಒಂದು ಹಿಡಿ, ಕಾಗದದ ಪೊಟ್ಟಣದಲ್ಲಿ. ಅಂಗೈಯಲ್ಲಿ ಉಜ್ಜಿ, ಊದಿ, ಒಂದು ಕಾಳನ್ನು ಹಲ್ಲಿಗೆ ಕೊಟ್ಟು ಕಟಕ್ ಎನ್ನಿಸಿ ನೋಡುತ್ತಾರೆ. ಅಂದೇ ಹೂಂ ಎನ್ನುವುದಿಲ್ಲ. ಕುಂದ್ರಲಿ ಎನ್ನುತ್ತಾರೆ. ಪ್ರತಿ ಟೂಲನ್ನೂ ಅವರು ಅಂಗೈಯಲ್ಲಿ ಉಜ್ಜಿದರು. ಊದಿದರು. ಹಲ್ಲಿಗೆ ಕೊಡುವಾಗ ಎರ್ರಿಸ್ವಾಮಿ ಆ ಕಡೆ ತಿರುಗಿ ನಿಂತ. "ಕುಂದ್ರಲಿ," ಎಂದು ಪೊಟ್ಟಣ ಕಟ್ಟಿ ಜೇಬಿಗೆ ಹಾಕಿದರು. ಬಿಡಿ ಸ್ಪ್ರಿಂಗುಗಳಿಗೂ ಅಂಥದೇ ಒಂದು ಪೊಟ್ಟಣ.

ಈ ಪೊಟ್ಟಣಗಳಿಂದ ಒಂದು ಅನಾಹುತವೂ ಆಯಿತು. ಬುಕ್ಕಸಾಗರದ ಕಡೆಯ ಭತ್ತದ ದಲಾಲಿ ಒಬ್ಬರು ಮಿಲ್ಲಿಗೆ ಬಂದಿದ್ದರು. ನಿನ್ನೆ ಬಂದ ಮಾದರಿ ನೋಡ್ರಿ ಎಂದು ಸಾವ್ಕಾರ್ರು ಜೇಬಿನಿಂದ ಪೊಟ್ಟಣ ತೆಗೆದುಕೊಟ್ಟರು. ದಲಾಲಿ ಫೋನಿನಲ್ಲಿ ಮಾತಾಡುತ್ತಲೇ ಅದನ್ನು ಬಿಚ್ಚಿ, ಅಂಗೈಗೆ ಸುರಿದುಕೊಂಡು, ಊದಿ, ಒಂದನ್ನು ಬಾಯಿಗೆ ಹಾಕಿ ಕಚ್ಚಿದರು. ಮಾತು ನಿಂತಿತು. ಬಾಯಿಂದ ತೆಗೆದು ನೋಡಿದರೆ ಕ್ಲಚ್ಚಿನ ಸ್ಪ್ರಿಂಗು.

"ಸಾವ್ಕಾರ್ರ, ಈ ತಳಿ ಯಾವ್ದ್ರಿ?"

"ಅದು ಮಾರಾಕಲ್ಲ ಬಿಡ್ರಿ," ಎಂದು ಸಾವ್ಕಾರ್ರು ಅದನ್ನು ವಾಪಸು ಇಸಿದುಕೊಂಡು ಒರೆಸಿ ಇಟ್ಟರು.

ಮೊದಲ ಟೂಲು ಬಂಗಾರದ ಬಣ್ಣದ್ದು, ವಿದೇಶಿ ಮಾಲು. ನನ್ನ ಆಯ್ಕೆ. ಕೊಕ್ಕೆಯ ಸೀಳು ಸ್ಪ್ರಿಂಗಿನ ಕಾಲಿಗೆ ಕೂದಲು ಹಿಡಿಯುವಷ್ಟೂ ಸಂದಿಲ್ಲದೆ ಕೂರುತ್ತಿತ್ತು. ನನ್ನ ಕೈಯಲ್ಲಿ ಚಿಟಿಕೆ ಹೊಡೆಯುವಷ್ಟರಲ್ಲಿ ಕೆಲಸ ಮುಗಿಯಿತು. ಅವರ ಕೈಯಲ್ಲಿ ಕೊಕ್ಕೆ ಸ್ಪ್ರಿಂಗಿನ ಆಚೆಗೂ ಈಚೆಗೂ ಬಡಿಯುತ್ತ ಉಳಿಯಿತು. ಅದನ್ನು ನನಗೇ ಕೊಟ್ಟರು. "ಇದು ನಿಮ್ಮಂಥೋರಿಗೆ," ಎಂದರು. ಅದರಲ್ಲಿ ವ್ಯಂಗ್ಯವೇನೂ ಇರಲಿಲ್ಲ.

ಎರಡನೆಯದು ಎರ್ರಿಸ್ವಾಮಿ ವರ್ಕ್‌ಶಾಪಿನಲ್ಲಿ ತಾನೇ ಮಾಡಿ ತಂದದ್ದು. ಭಾರ ಇದ್ದರೆ ಕೈ ನಡುಗುವುದಿಲ್ಲ ಎಂಬುದು ಅವನ ಸಿದ್ಧಾಂತ. ಹಿಡಿಕೆ ಒನಕೆಯ ಮರಿಯ ಹಾಗಿತ್ತು. ನಡುಕ ಕಡಿಮೆಯಾದದ್ದು ನಿಜ. ಆದರೆ ಎರಡನೇ ಸ್ಪ್ರಿಂಗಿನ ಹೊತ್ತಿಗೆ ಅವರ ತೋಳು ಸೋತು ಟೂಲು ಜಾರಿತು, ಸ್ಪ್ರಿಂಗು ಹಾರಿತು. ಹಾರಿದ್ದು ಕಣದ ಮೂಲೆಯಲ್ಲಿ ತಾಡಪತ್ರಿ ಮುಚ್ಚಿಟ್ಟಿದ್ದ ಭತ್ತದ ರಾಶಿಯ ಕಡೆಗೆ.

ಸಾವ್ಕಾರ್ರ ಬಣ್ಣ ಇಳಿಯಿತು. "ಅಕ್ಕಿಯಾಗ ಹೋತಂದ್ರ ಯಾರದಾರ ಹಲ್ಲು ಮುರೀತೈತಿ. ಕೂಸು ನುಂಗಿದ್ರ?" ಮಿಲ್ಲಿನ ಬಾಯಲ್ಲಿ ಆಯಸ್ಕಾಂತ ಇದೆಯಲ್ಲ, ಹಿಡಿಯುತ್ತದೆ ಎಂದು ನಾನು ಹೇಳಿದೆ. ತಪ್ಪಿಸಿಕೊಂಡರೆ ಎಂದರು. ಇಡೀ ಮಧ್ಯಾಹ್ನ ರಾಶಿಯನ್ನು ಕಣದ ತುಂಬ ಹರಡಿ, ಹಳೇ ಸ್ಪೀಕರಿನ ಆಯಸ್ಕಾಂತವನ್ನು ಹಗ್ಗಕ್ಕೆ ಕಟ್ಟಿ, ನಾವು ಮೂವರೂ ಸರದಿಯಲ್ಲಿ ಎಳೆದೆವು. ಒಂದು ಮೊಳೆ, ಒಂದು ಸೇಫ್ಟಿ ಪಿನ್ನು, ಅರ್ಧ ಬ್ಲೇಡು ಸಿಕ್ಕವು. ಸಂಜೆ ಸುಸ್ತಾಗಿ ಎದ್ದು ನಿಂತ ಸಾವ್ಕಾರ್ರು ಧೋತರ ಕೊಡವಿದರು. ಸ್ಪ್ರಿಂಗು ಮಡಿಕೆಯಿಂದ ಉದುರಿತು.

"ಭತ್ತ ಸ್ವಚ್ಛ ಆತು ಬಿಡ್ರಿ," ಎಂದರು.

ಅಂದಿನಿಂದ ಅಕ್ಕಿ ಕೇರುವ ಮೊರದಲ್ಲಿ ಬಿಳಿ ಟವಲು ಹಾಸಿ, ಅದನ್ನು ತೊಡೆಯ ಮೇಲಿಟ್ಟುಕೊಂಡು ಅದರೊಳಗೇ ಕ್ಲಚ್ಚು ಬಿಚ್ಚುವುದು ರೂಢಿಯಾಯಿತು. ಆದರೆ ಕೂಡಿಸುವುದು ಮಾತ್ರ ಆಗಲಿಲ್ಲ. ಮೂರು ಭಾನುವಾರ ಅವರ ಕಾರು ಮೊರದಲ್ಲೇ ಉಳಿಯಿತು. ನಾವು ಓಡಿಸುವುದನ್ನು ಅವರು ಖುರ್ಚಿಯಲ್ಲಿ ಕೂತು ನೋಡಿದರು. ನಮ್ಮ ಎಂಜಿನ್ನಿನ ಸದ್ದಿಗೆ ಅವರ ಮುಖ ಅರಳಲಿಲ್ಲ. ಮುಂದಿನ ವಾರ ಕಾರನ್ನು ನಮ್ಮ ಕೈಗೆ ಕೊಟ್ಟುಬಿಡುತ್ತಾರೆ ಎಂದು ನನಗೆ ಹೆದರಿಕೆಯಾಗಿತ್ತು.

ಮೂರನೆಯ ಟೂಲು ಬಂತು. ತೀರಾ ಅಗ್ಗದ್ದು. ಕೊಕ್ಕೆಯ ಸೀಳು ಎಷ್ಟು ಅಗಲವೆಂದರೆ ಸ್ಪ್ರಿಂಗಿನ ಕಾಲು ಅದರಲ್ಲಿ ಮಗ್ಗುಲು ಬದಲಿಸಬಹುದಿತ್ತು.

"ಇದು ದಂಡ್ರಿ," ಎಂದ ಎರ್ರಿಸ್ವಾಮಿ. "ಸಡ್ಲ ಐತಿ. ವಾಪಸ್ ಕಳಸ್ರಿ."

ಸಾವ್ಕಾರ್ರು ಅಂಗೈಯಲ್ಲಿ ಉಜ್ಜಿದರು. ಊದಿದರು. ಕುಂದ್ರಲಿ ಎಂದರು.

ಅದರ ಮುಂದಿನ ಭಾನುವಾರ ನಾವು ಹೋದಾಗ ಅವರು ಕಣದ ಮೂಲೆಯಲ್ಲಿ, ನಮಗೆ ಬೆನ್ನು ಹಾಕಿ, ಮೊರ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ತಿರುಗದೆಯೇ, "ಹೋಗಿ ಚಾ ಕುಡುದು ಬರ್ರಿ," ಎಂದರು. ಹೋದೆವು. ಚಾ ಇನ್ನೂ ಗ್ಲಾಸಿನಲ್ಲಿತ್ತು, ಕಣದ ಕಡೆಯಿಂದ ಎಂಜಿನ್ನು ಹಿಡಿದ ಸದ್ದು ಬಂತು. ಎರ್ರಿಸ್ವಾಮಿ ಗ್ಲಾಸು ಇಟ್ಟು ಓಡಿದ, ಅವನ ಹಿಂದೆ ನಾನು. ಚಪ್ಪಲಿ ಬಿಡುವುದನ್ನು ಇಬ್ಬರೂ ಮರೆತೆವು. ಸಾವ್ಕಾರ್ರ ಕಾರು ಕಣದ ತುಂಬ ಸುತ್ತುತ್ತಿತ್ತು. ಅವರು ರಿಮೋಟು ಹಿಡಿದು ನಿಂತಿದ್ದರು. ಕಾರು ನೇರ ಹೋಗುತ್ತಿರಲಿಲ್ಲ, ಗೋಡೆಗೆ ಎರಡು ಸಲ ಗುದ್ದಿತು. ಅವರ ಮುಖ ನೋಡಿ ನನಗೆ ಆದ ಸಂತೋಷ ಹೇಳತೀರದು.

"ಚಪ್ಲಿ," ಎಂದರು, ಕಾರಿನಿಂದ ಕಣ್ಣು ತೆಗೆಯದೆ.

ಯಾವ ಟೂಲು ಎಂದು ಕೇಳಿದೆ. ಸಡಿಲದ್ದು ಎಂದರು. ಅದರಲ್ಲಿ ಏನು ವಿಶೇಷ ಎಂದೆ.

"ನಮ್ಮ ಜರಡಿ ಇದ್ದಂಗ ಐತ್ರಿ ಅದು."

ನನಗೆ ಅರ್ಥವಾಗಲಿಲ್ಲ. ಅರ್ಥವಾಯಿತೆಂಬಂತೆ ತಲೆಯಾಡಿಸಿದೆ. ಎರ್ರಿಸ್ವಾಮಿಯೂ ಆಡಿಸಿದ. ಆಮೇಲೆ ಎರಡು ವರ್ಷ ಅವರು ಕ್ಲಚ್ಚು ಕೂಡಿಸುವಾಗಲೆಲ್ಲ ನಮ್ಮನ್ನು ಚಾಕ್ಕೆ ಅಟ್ಟುತ್ತಿದ್ದರು. ನಡುಕ ಏರುತ್ತಲೇ ಹೋಯಿತು. ಅವರ ಚಾ ಅರ್ಧ ಲೋಟಕ್ಕೆ ಇಳಿಯಿತು, ಅಂಗಿ ಹೋಗಿ ಗುಂಡಿಯಿಲ್ಲದ ಬನಿಯನ್ನು ಬಂತು. ಎಂಜಿನ್ನಿನ ಸದ್ದು ಮಾತ್ರ ಒಂದು ಭಾನುವಾರವೂ ತಪ್ಪಲಿಲ್ಲ.

ಅವರು ತೀರಿಕೊಂಡ ಮೇಲೆ ಶಿವಗಣಾರಾಧನೆಯ ಊಟಕ್ಕೆ ನಾವಿಬ್ಬರೂ ಹೋಗಿದ್ದೆವು. ಮುಗಿಸಿ ಹೊರಡುವಾಗ ಅವರ ಹೆಂಡತಿ ನಿಲ್ಲಿ ಎಂದರು. ಒಳಗಿನಿಂದ ಅದೇ ಮೊರ ತಂದರು. ಅದರಲ್ಲಿ ಟವಲು, ಟವಲಿನ ಮೇಲೆ ಕಾರು, ಪಕ್ಕದಲ್ಲಿ ಒಂದು ಕಾಗದದ ಪೊಟ್ಟಣ.

"ಸಾವ್ಕಾರ್ರು ಇದನ್ನ ನಿಮಗ ಕೊಡಂದಿದ್ರು. ಕಡೀಕ ಅಂಗಿ ತೊಟ್ರ ಗುಂಡಿ ನಾನ ಹಾಕ್ತಿದ್ನಿ, ತುತ್ತು ನಾನ ಇಡ್ತಿದ್ನಿ. ಬ್ಯಾಡ ಅಂತಿರಲಿಲ್ಲ. ಇದೊಂದು ಮಾತ್ರ ಮುಟ್ಟಾಕ ಬಿಡ್ಲಿಲ್ಲ ನೋಡ್ರಿ," ಎಂದರು. ಅವರು ಅಳಲಿಲ್ಲ. ಹಾಗಾಗಿ ನಾವೂ ಅಳುವಂತಿರಲಿಲ್ಲ.

ಅಂಗಡಿಗೆ ತಂದು ಬಿಚ್ಚಿದೆ. ಶೂಗಳು ಸವೆದಿದ್ದವು. ಹೊಸ ಶೂ, ಹೊಸ ಸ್ಪ್ರಿಂಗು ಇಟ್ಟು, ಪೊಟ್ಟಣದಿಂದ ಅವರ ಟೂಲು ತೆಗೆದು ಭೂತಗನ್ನಡಿಯ ಕೆಳಗೆ ಹಿಡಿದೆ. ಸೀಳಿನ ಒಳಬದಿಯನ್ನು ಅವರು ಅರದಿಂದ ಉಜ್ಜಿ ಇಳಿಜಾರು ಮಾಡಿದ್ದರು. ಒರಟು ಕೆಲಸ, ಗೆರೆಗಳು ಸೊಟ್ಟ. ಕೊಕ್ಕೆಗೆ ಸ್ಪ್ರಿಂಗಿನ ಕಾಲು ಸಿಕ್ಕಿಸಿ ಒತ್ತಿದೆ. ಕಾಲು ಇಳಿಜಾರಿನ ಮೇಲೆ ಹಾಗೇ ಕೂತಿತು, ಇಳಿಯಲಿಲ್ಲ. ಕೈ ಕಲ್ಲಿನಂತೆ ಇಟ್ಟು ಮತ್ತೆ ಒತ್ತಿದೆ. ಇಳಿಯಲಿಲ್ಲ. ಎರ್ರಿಸ್ವಾಮಿ ತಾನೂ ಪ್ರಯತ್ನಿಸಿ ವಾಪಸು ಕೊಟ್ಟ.

"ಆಗ ಹೇಳಿದ್ನಿಲ್ರಿ, ದಂಡ ಅಂತ."

ಬಂಗಾರದ ಬಣ್ಣದ ಟೂಲು ಡ್ರಾಯರಿನಲ್ಲೇ ಇತ್ತು. ಅದನ್ನು ತೆಗೆಯಲು ಕೈ ಚಾಚಿದವನಿಗೆ ಕಂಪ್ಲಿಯ ಮಿಲ್ಲು ನೆನಪಾಯಿತು, ಜರಡಿಯ ಮೇಲೆ ಅವರು ಇಟ್ಟ ಕೈ ನೆನಪಾಯಿತು. ಅವರು ಕೈ ನಿಲ್ಲಿಸುವ ಟೂಲನ್ನು ಹುಡುಕಿರಲೇ ಇಲ್ಲ. ನಡುಗಿದರೆ ಮಾತ್ರ ಕೆಲಸ ಮಾಡುವುದನ್ನು ಆರಿಸಿ, ಉಜ್ಜಿ, ತಮ್ಮ ಕೈಗೆ ಹೊಂದಿಸಿಕೊಂಡಿದ್ದರು.

ಕೊಕ್ಕೆಯನ್ನು ಮತ್ತೆ ಸಿಕ್ಕಿಸಿದೆ. ಒತ್ತಲಿಲ್ಲ. ಕೈಯನ್ನು ಮೆಲ್ಲಗೆ ನಡುಗಿಸಿದೆ. ಸ್ಪ್ರಿಂಗಿನ ಕಾಲು ಇಳಿಜಾರಿನಲ್ಲಿ ಅಕ್ಕಿಯ ಹಾಗೆ ಕುಣಿಯುತ್ತ ಕೆಳಗಿಳಿದು, ತನ್ನ ಜಾಗದಲ್ಲಿ ಟಕ್ಕೆಂದು ಕೂತಿತು. ಎರ್ರಿಸ್ವಾಮಿ ಬಗ್ಗಿ ನೋಡಿದ. ಎರಡನೆಯದಕ್ಕೂ ಹಾಗೇ ಬೇಕೆಂದು ಕೈ ನಡುಗಿಸಿದೆ. ಕೂತಿತು. ಮೂರನೆಯದಕ್ಕೆ ನಾನು ನಡುಗಿಸಬೇಕಾಗಲಿಲ್ಲ, ಕೈ ತಾನೇ ನಡುಗುತ್ತಿತ್ತು.